ಬಿಸಿಲೆಯ ಮಗ್ಗುಲಲ್ಲಿ 7 ವ್ಯಾಟ್

ನನ್ನ ರೇಡಿಯೋ ಮೇಜಿನ ಗಾಜಿನ ಕೆಳಗೆ ನಾಲ್ಕಾಗಿ ಮಡಚಿದ ಗುರುತುಗಳಿರುವ ಒಂದು ಹಾಳೆ ಇದೆ. ಪಶ್ಚಿಮಘಟ್ಟದ ಬಿಸಿಲೆಯ ಕಡೆಗೆ ಹೊರಡುವ ಹಿಂದಿನ ಸಂಜೆ ಅದನ್ನು ಬರೆದು, ಬೆಂಗಳೂರಿನಲ್ಲಿರುವ ಒಬ್ಬ ಹಿರಿಯ ಹ್ಯಾಮ್ (ಪರವಾನಗಿ ಪಡೆದ ಹವ್ಯಾಸಿ ರೇಡಿಯೋಗಾರ) ಮಿತ್ರರ ಕೈಗೆ ಕೊಟ್ಟು ಬಂದಿದ್ದೆ. ದಿನಕ್ಕೆ ಮೂರು ಹೊತ್ತಿನ ಸಂಪರ್ಕದ ವೇಳೆ, 40 ಮೀಟರ್ ಬ್ಯಾಂಡಿನ (ಅಂದರೆ 7 ಮೆಗಾಹರ್ಟ್ಸಿನ ಆಸುಪಾಸಿನ) ಎರಡು ಫ್ರೀಕ್ವೆನ್ಸಿಗಳು, ಒಂದು ಕಾಫಿ ತೋಟದ ಬಂಗಲೆಯ ಲ್ಯಾಂಡ್‌ಲೈನ್ ಸಂಖ್ಯೆ, ಕೊನೆಯಲ್ಲಿ ಎರಡು ವಾಕ್ಯಗಳ ಕರಾರು, ಇಷ್ಟೇ ಅದರಲ್ಲಿ ಇದ್ದದ್ದು. ನಿಗದಿತ ವೇಳೆಗೆ ನಾವು ಕೇಳಿಸದಿದ್ದರೆ ಅವರು ಅರ್ಧ ಗಂಟೆ ಬಿಟ್ಟು ಮತ್ತೆ ಕಿವಿಗೊಡಬೇಕು. ಆಗಲೂ ಕೇಳಿಸದಿದ್ದರೆ ಬಂಗಲೆಗೆ ಫೋನ್ ಮಾಡಬೇಕು. ಬೆನ್ನಚೀಲದೊಳಗೆ ಏನೇನು ಸೇರಬೇಕೆಂದು ಮೂರು ವಾರ ಲೆಕ್ಕ ಹಾಕಿದ್ದ ನಾನು ಈ ಕರಾರಿಗೆ ಮೂರು ನಿಮಿಷವನ್ನೂ ಕೊಟ್ಟಿರಲಿಲ್ಲ. ಅದು ಮನೆಯವರ ಸಮಾಧಾನಕ್ಕೆಂದು ಸೇರಿಸಿದ ಸಾಲು ಎಂದೇ ಭಾವಿಸಿದ್ದೆ.

ಹಾಳೆಯನ್ನು ಓದಿದ ಮೇಷ್ಟ್ರು (ಅವರು ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು, ನಮ್ಮ ಗುಂಪಿನಲ್ಲಿ ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತೇವೆ) ಜೇಬಿನಿಂದ ಪೆನ್ಸಿಲ್ ತೆಗೆದು, ಬೆಳಗಿನ 6 ಗಂಟೆ ಎಂದು ನಾನು ಬರೆದಿದ್ದುದನ್ನು ಹೊಡೆದು 8 ಎಂದು ತಿದ್ದಿದರು. "ಸೂರ್ಯ ಹುಟ್ಟೋ ಮುಂಚೆ ಆಕಾಶ ತೂತಾಗಿರುತ್ತೆ ಕಣಪ್ಪ, ನೆತ್ತಿಗೆ ಕಳಿಸಿದ್ದು ವಾಪಸ್ಸು ಬರಲ್ಲ" ಎಂದರು. ಆ ಮಾತಿನ ಅರ್ಥ ನನಗೆ ಪುಸ್ತಕದಿಂದ ಗೊತ್ತಿತ್ತು. ಅನುಭವಕ್ಕೆ ಬರಲು ಒಂದು ರಾತ್ರಿ ಬೇಕಾಯಿತು.

ನಾವು ಹೋದದ್ದು ಮೂವರು. ಇಬ್ಬರಿಗೆ ಹ್ಯಾಮ್ ಪರವಾನಗಿ ಇತ್ತು, ಮೂರನೆಯವನಿಗೆ ರೇಡಿಯೋ ಎಂದರೆ ಕಾರಿನೊಳಗಿನ ಎಫ್‌ಎಂ ಮಾತ್ರ. ಡೇರೆಯಿಲ್ಲದೆ ಒಂದು ಟಾರ್ಪಾಲಿನಡಿ ಎರಡು ರಾತ್ರಿ ಕಳೆಯುವುದು, ಬೆಂಕಿಪೊಟ್ಟಣವಿಲ್ಲದೆ ಒಲೆ ಹೊತ್ತಿಸುವುದು, ಹಳ್ಳದ ನೀರನ್ನು ಸೋಸಿ ಕುದಿಸಿ ಕುಡಿಯುವುದು, ಅಕ್ಕಿ, ಬೇಳೆ ಮತ್ತು ಉಪ್ಪಿನಲ್ಲಿ ಮುಗಿಸುವುದು ನಮ್ಮ ಸಂಕಲ್ಪವಾಗಿತ್ತು. ಇದಕ್ಕೆ ಈಗ ಸರ್ವೈವಲ್ ಕ್ಯಾಂಪಿಂಗ್ ಎಂಬ ದೊಡ್ಡ ಹೆಸರಿದೆ. ಮಲೆನಾಡಿನ ತೋಟದ ಕಾವಲಿನವರು ಇದನ್ನೇ ಕೆಲಸವೆಂದು ಮಾಡಿಕೊಂಡು ಬಂದಿದ್ದಾರೆ. ರಕ್ಷಿತಾರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವುದು ತಪ್ಪು, ಬೆಂಕಿ ಹಾಕುವುದು ಇನ್ನೂ ದೊಡ್ಡ ತಪ್ಪು. ಆದ್ದರಿಂದ ಬಿಸಿಲೆ ಘಾಟಿನ ಈಚೆಗೆ, ಪರಿಚಯದವರೊಬ್ಬರ ಕಾಫಿ ತೋಟದ ಮೇಲಂಚಿನ ಹುಲ್ಲುಗಾವಲಿನಲ್ಲಿ ಅವರು ತೋರಿಸಿದ ಜಾಗದಲ್ಲಷ್ಟೇ ಬೀಡುಬಿಟ್ಟೆವು. ಎದುರಿಗೆ ಕುಮಾರ ಪರ್ವತದ ಸಾಲು, ಕೆಳಗೆ ಕಣಿವೆ. ಮೊಬೈಲ್ ಸಿಗ್ನಲ್ ತೋಟದ ಗೇಟಿನಿಂದ ಎರಡು ತಿರುವು ಹಿಂದೆಯೇ ಸತ್ತುಹೋಗಿತ್ತು.

ಇಂಥ ಕಡೆ ಉಪಗ್ರಹ ಫೋನ್ ಒಯ್ಯಬಾರದೇ ಎಂದು ಅನೇಕರು ಕೇಳುತ್ತಾರೆ. ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಚಾರಣಕ್ಕೆಂದು ಉಪಗ್ರಹ ಸಂದೇಶದ ಪುಟ್ಟ ಯಂತ್ರಗಳನ್ನು ತಂದ ವಿದೇಶಿಯರು ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದದ್ದೂ ಇದೆ. ಹ್ಯಾಮ್ ರೇಡಿಯೋಗೂ ಪರವಾನಗಿ ಬೇಕು, ಆದರೆ ಅದು ಪರೀಕ್ಷೆ ಬರೆದು ಸಾಮಾನ್ಯ ನಾಗರಿಕ ಪಡೆಯಬಹುದಾದದ್ದು. 12 ವರ್ಷ ತುಂಬಿದ ಮಕ್ಕಳೂ ಬರೆಯಬಹುದು. ಪರವಾನಗಿಯಲ್ಲಿ ನಮೂದಾದ ವಿಳಾಸದ ಆಚೆ ಸೆಟ್ ಬಳಸುವುದಕ್ಕೂ ನಿಯಮಗಳಿವೆ. ಅವನ್ನು ಹೊರಡುವ ಮೊದಲೇ ನೋಡಿಕೊಳ್ಳಬೇಕು, ಬೆಟ್ಟದ ಮೇಲೆ ನಿಂತು ಅಲ್ಲ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ವಾಕಿ-ಟಾಕಿಯನ್ನು ಯಾವ ಕಾಗದವೂ ಇಲ್ಲದೆ ಕೊಂಡು "ತುರ್ತಿಗೆ ಇರಲಿ" ಎಂದು ಚೀಲಕ್ಕೆ ಹಾಕಿಕೊಳ್ಳುವವರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಕಾನೂನಿನ ಮಾತು ಒತ್ತಟ್ಟಿಗಿರಲಿ, ಆ ಕಣಿವೆಯಲ್ಲಿ ಅದು ಯಾರನ್ನೂ ಮುಟ್ಟುವುದಿಲ್ಲ.

ಏಕೆ ಮುಟ್ಟುವುದಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೈಯಲ್ಲಿ ಹಿಡಿಯುವ ಸೆಟ್ಟುಗಳು ಕೆಲಸ ಮಾಡುವ 145 ಮೆಗಾಹರ್ಟ್ಸಿನ ಅಲೆಗಳು ಹೆಚ್ಚುಕಡಿಮೆ ಬೆಳಕಿನ ಹಾಗೆ ನೇರವಾಗಿ ಸಾಗುತ್ತವೆ. 1,900 ಮೀಟರ್ ಎತ್ತರದ ಶಿಖರದ ನೆತ್ತಿಯಲ್ಲಿ ನಿಂತರೆ, ನಡುವೆ ಬೇರೆ ಬೆಟ್ಟವಿಲ್ಲದಿದ್ದಲ್ಲಿ, 5 ವ್ಯಾಟಿನ ಸೆಟ್ಟಿಗೂ ಸುಮಾರು 180 ಕಿಲೋಮೀಟರ್ ದೂರದವರೆಗೆ ದಾರಿ ತೆರೆದಿರುತ್ತದೆ. ಅದೇ ಸೆಟ್ಟನ್ನು ಹಿಡಿದು ಹಳ್ಳಕ್ಕಿಳಿದರೆ ಪಕ್ಕದ ದಿಣ್ಣೆಯ ಆಚೆ ಇರುವವನಿಗೂ ಕೇಳಿಸುವುದಿಲ್ಲ. ಒದ್ದೆ ಎಲೆಗಳ ದಟ್ಟ ಕಾಡು ಉಳಿದದ್ದನ್ನೂ ಹೀರಿಕೊಳ್ಳುತ್ತದೆ. ಸಂಕಟದಲ್ಲಿ ಸಿಲುಕಿದವನು ಸಾಮಾನ್ಯವಾಗಿ ಇರುವುದು ಶಿಖರದ ಮೇಲಲ್ಲ, ಹಳ್ಳದಲ್ಲಿ.

7 ಮೆಗಾಹರ್ಟ್ಸಿನ ಕತೆಯೇ ಬೇರೆ. ಅಲ್ಲಿ ಬೆಟ್ಟವನ್ನು ದಾಟುವ ಪ್ರಶ್ನೆಯೇ ಇಲ್ಲ, ಅಲೆಯನ್ನು ನೆಟ್ಟಗೆ ನೆತ್ತಿಯ ಮೇಲಕ್ಕೆ ಎಸೆದರಾಯಿತು. ಸುಮಾರು 300 ಕಿಲೋಮೀಟರ್ ಎತ್ತರದಲ್ಲಿ, ಸೂರ್ಯನ ಕಿರಣಗಳು ಗಾಳಿಯ ಕಣಗಳನ್ನು ಒಡೆದು ಮಾಡಿಟ್ಟ ಅಯಾನುಗೋಳದ ಪದರವು ಅದನ್ನು ಬಾಗಿಸಿ ಕೆಳಗೆ ಕಳಿಸುತ್ತದೆ, ಚಿಲುಮೆಯ ನೀರು ಮೇಲೇರಿ ಸುತ್ತಲೂ ಬೀಳುವ ಹಾಗೆ. ಹೀಗೆ ಬಿದ್ದದ್ದು ಸುತ್ತಲಿನ ಮುನ್ನೂರು ನಾನ್ನೂರು ಕಿಲೋಮೀಟರಿನೊಳಗೆ ಎಲ್ಲಿ ಬೇಕಾದರೂ, ಕಣಿವೆಯೊಳಗೂ, ಕೇಳಿಸುತ್ತದೆ. ಬಿಸಿಲೆಯಿಂದ ಬೆಂಗಳೂರಿಗೆ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 200 ಕಿಲೋಮೀಟರ್, ಮೈಸೂರಿಗೆ ಅದರ ಅರ್ಧಕ್ಕಿಂತ ತುಸು ಹೆಚ್ಚು. ದೂರದ ದೇಶಗಳೊಡನೆ ಮಾತನಾಡಬಯಸುವ ಹ್ಯಾಮ್‌ಗಳು ಆಂಟೆನಾವನ್ನು ಆದಷ್ಟು ಎತ್ತರಕ್ಕೆ ಏರಿಸಲು ಒದ್ದಾಡುತ್ತಾರೆ. ನೆತ್ತಿಗೆ ಎಸೆಯಬೇಕಾದವರು ಅದನ್ನು ಬೇಕೆಂದೇ ತಗ್ಗಿನಲ್ಲಿ ಕಟ್ಟುತ್ತಾರೆ. ಕಾಡಿನಲ್ಲಿ ಸುಲಭವಾಗಿ ಆಗುವ ಕೆಲಸವೇ ಇಲ್ಲಿ ಸರಿಯಾದ ಕೆಲಸವೂ ಆಗಿರುವುದು ಅಪರೂಪದ ಭಾಗ್ಯ.

ಒಂದೊಂದು ಬದಿಗೆ ಸುಮಾರು 10 ಮೀಟರ್ ತಂತಿ, ನಡುವಿನಿಂದ ಸೆಟ್ಟಿಗೆ ಇಳಿಯುವ ಕೋಯಾಕ್ಸ್ ಕೇಬಲ್, ತುದಿಗಳಿಗೆ ನೈಲಾನ್ ದಾರ. ಡೈಪೋಲ್ ಆಂಟೆನಾ ಎಂದರೆ ಇಷ್ಟೇ. ತೋಟದಂಚಿನ ಎರಡು ಸಿಲ್ವರ್ ಓಕ್ ಮರಗಳ ನಡುವೆ, ಕಾಳುಮೆಣಸು ಕೊಯ್ಯುವ ಏಣಿಯನ್ನು ಕಡ ತಂದು, ನೆಲದಿಂದ ನಾಲ್ಕು ಮೀಟರ್ ಎತ್ತರದಲ್ಲಿ ಕಟ್ಟಿದೆವು. ಸೆಟ್ಟು ಬಿಟೆಕ್ಸ್-40. ಹೈದರಾಬಾದಿನ ಅಶ್‌ಹರ್ ಫರ್ಹಾನ್ ರೂಪಿಸಿದ ಈ ಸರ್ಕ್ಯೂಟಿನ ಮೇಲೆ ನನಗೆ ವಿಶೇಷ ಮಮತೆ ಇದೆ. ಅವರ ಮೊದಲಿನ ಬಿಟೆಕ್ಸ್ ವಿನ್ಯಾಸದಲ್ಲಿ ಕಾಯಿಲ್ ಸುತ್ತಲು ಬೇಕಾದ ಉಂಗುರಕ್ಕೆ ಹಾರ್ಡ್‌ವೇರ್ ಅಂಗಡಿಯ ನಲ್ಲಿ ವಾಷರ್ ಸಾಕಾಗಿತ್ತು. ಊರಿನಲ್ಲಿ ಸಿಗುವ ಬಿಡಿಭಾಗಗಳಲ್ಲೇ ಕಟ್ಟಬಹುದಾದ, ಕೆಟ್ಟರೆ ನಾವೇ ಬಿಚ್ಚಿ ರಿಪೇರಿ ಮಾಡಬಹುದಾದ ಸೆಟ್ಟು ಅದು. ಕಳಿಸುವ ಶಕ್ತಿ ಸುಮಾರು 7 ವ್ಯಾಟ್, ಒಂದು ಸಣ್ಣ ಎಲ್‌ಇಡಿ ಬಲ್ಬಿನಷ್ಟು. ಕೇಳುವಾಗ ಅಲ್ಪ, ಮಾತನಾಡುವಾಗ ಸುಮಾರು ಒಂದು ಆಂಪಿಯರ್ ಎಳೆಯುತ್ತದೆ. ಹೆಚ್ಚು ಹೊತ್ತು ಕೇಳಿ ಕಡಿಮೆ ಹೊತ್ತು ಮಾತನಾಡಿದರೆ 6 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿ ಮೂರು ದಿನಕ್ಕೆ ಧಾರಾಳವಾಯಿತು.

ಸೆಟ್ಟನ್ನು ಆನ್ ಮಾಡಿದಾಗ ಕೇಳಿಸಿದ್ದು ಮಾತ್ರ ಬರೀ ಟಕ್, ಟಕ್, ಟಕ್. ಗಡಿಯಾರದ ಮುಳ್ಳಿನ ಹಾಗೆ ಸೆಕೆಂಡಿಗೊಂದು ಏಟು, ಅದರ ಕೆಳಗೆ ಎಲ್ಲ ಮಾತೂ ಹೂತುಹೋಗಿತ್ತು. ಊರಿನಲ್ಲಿ ಇನ್ವರ್ಟರು, ಎಲ್‌ಇಡಿ ದೀಪ, ಚಾರ್ಜರುಗಳ ಗದ್ದಲದಿಂದ ಬೇಸತ್ತು, ಕಾಡಿನಲ್ಲಾದರೂ ಬ್ಯಾಂಡ್ ಶುದ್ಧವಾಗಿರುತ್ತದೆಂದು ನಂಬಿ ಬಂದವನಿಗೆ ಇದು ಅನ್ಯಾಯವೆನಿಸಿತು. ಕನೆಕ್ಟರು ಬಿಚ್ಚಿ ನೋಡಿದೆ, ಬ್ಯಾಟರಿ ಬದಲಿಸಿ ನೋಡಿದೆ. ಕೊನೆಗೆ ಅದು ಏನೆಂದು ಹೊಳೆದದ್ದು, ನಮ್ಮನ್ನು ನೋಡಲು ಬಂದ ತೋಟದ ರೈಟರು (ಆಳು-ಲೆಕ್ಕ ನೋಡಿಕೊಳ್ಳುವವರು) ಕಾಲೆತ್ತಿ ಜಾಗರೂಕತೆಯಿಂದ ಒಂದು ತಂತಿಯನ್ನು ದಾಟಿದಾಗ. ಆನೆ ಬಾರದಿರಲೆಂದು ಹಾಕಿದ್ದ ಸೋಲಾರ್ ಬೇಲಿ! ಅದರಲ್ಲಿ ವಿದ್ಯುತ್ತು ಸತತವಾಗಿ ಹರಿಯುವುದಿಲ್ಲ. ಸೆಕೆಂಡಿಗೊಮ್ಮೆ ಒಂದು ಕ್ಷಣದ ಏಟಾಗಿ ಹರಿಯುತ್ತದೆ. ಬೇಲಿ ಸರಿಯಾಗಿದ್ದಾಗ ಅಷ್ಟೇನೂ ಗದ್ದಲ ಮಾಡದು, ಬಳ್ಳಿಯೋ ಕೊಂಬೆಯೋ ತಾಗಿ ಕಿಡಿ ಹಾರುವ ಕಡೆ ಮಾತ್ರ ಅದೊಂದು ಪುಟ್ಟ ರೇಡಿಯೋ ಸ್ಟೇಷನ್ನೇ ಆಗಿಬಿಡುತ್ತದೆ.

ಮೂರನೆಯವನ ಚೀಲದಲ್ಲಿ ಕ್ರಿಕೆಟ್ ಕಾಮೆಂಟರಿಗೆಂದು ತಂದಿದ್ದ ಒಂದು ಪಾಕೆಟ್ ಟ್ರಾನ್ಸಿಸ್ಟರ್ ಇತ್ತು. ಅದನ್ನು ಮೀಡಿಯಂ ವೇವಿನಲ್ಲಿ ಯಾವ ಸ್ಟೇಷನ್ನೂ ಇಲ್ಲದ ಕಡೆ ನಿಲ್ಲಿಸಿ, ಕಿವಿಗೆ ಹಿಡಿದು, ಬೇಲಿಯ ಗುಂಟ ನಾನೂ ರೈಟರೂ ನಡೆದೆವು. ಏಟಿನ ಸದ್ದು ಏರುತ್ತ ಏರುತ್ತ ಹೋಗಿ, ಸುಮಾರು ಮುನ್ನೂರು ಹೆಜ್ಜೆಯ ಬಳಿ ಕಿವಿ ಹರಿಯುವಷ್ಟಾಯಿತು. ಅಲ್ಲಿ ಲಂಟಾನದ ಒಂದು ಹಸಿ ಕಡ್ಡಿ ತಂತಿಯನ್ನು ಅಪ್ಪಿಕೊಂಡು ಕೂತಿತ್ತು. "ಹದಿನೈದು ದಿನದಿಂದ ಬೇಲೀಲಿ ಕರೆಂಟು ಕಮ್ಮಿ ಬರ್ತಿತ್ತು ಸಾರ್, ಎಲ್ಲಿ ಅಂತ ಗೊತ್ತಾಗಿರ್ಲಿಲ್ಲ" ಎಂದು ರೈಟರು ಬೇಲಿಯ ಸ್ವಿಚ್ಚು ಆರಿಸಿ ಬಂದು, ಕತ್ತಿಯಿಂದ ಅದನ್ನು ಸವರಿದರು. ಟಕ್ ಟಕ್ ನಿಂತಿತು. ಆ ಕ್ಷಣದಿಂದ ನಮ್ಮ ಬಗ್ಗೆ ಅವರಿಗಿದ್ದ ಭಾವನೆಯೂ ಬದಲಾಯಿತು. ಅಲ್ಲಿಯವರೆಗೆ ನಾವು ಪೇಟೆಯಿಂದ ಬಂದು ಹುಲ್ಲಿನ ಮೇಲೆ ಮಲಗುವ ಮೂವರು ಹುಚ್ಚರಾಗಿದ್ದೆವು. ಈ ಸ್ನೇಹ ಮರುದಿನ ಎಷ್ಟು ಉಪಯೋಗಕ್ಕೆ ಬರಲಿದೆಯೆಂದು ನನಗೆ ತಿಳಿದಿರಲಿಲ್ಲ.

ಮಧ್ಯಾಹ್ನ 1 ಗಂಟೆಗೆ ಮೇಷ್ಟ್ರ ಧ್ವನಿ ಪಕ್ಕದ ಕೋಣೆಯಿಂದ ಬಂದಂತೆ ಬಂತು. ನಮಗೆ ಅವರು 5-9 (ಮೊದಲ ಅಂಕಿ ಮಾತಿನ ಸ್ಪಷ್ಟತೆಗೆ, ಎರಡನೆಯದು ಸಿಗ್ನಲಿನ ಬಲಕ್ಕೆ). ಅವರ ಕಡೆ ಊರಿನ ಗದ್ದಲವಿದ್ದುದರಿಂದ ನಾವು 5-5. ಮೂವರೂ ಕ್ಷೇಮ, ನೀರು ಸಿಕ್ಕಿದೆ, ಸಂಜೆ 5ಕ್ಕೆ ಮತ್ತೆ. ನಲವತ್ತು ಸೆಕೆಂಡಿನಲ್ಲಿ ಮಾತು ಮುಗಿಯಿತು. ಬೇರೆಯವರ ಪರವಾಗಿ ಸುದ್ದಿ ಸಾಗಿಸಲು ನಮ್ಮ ನಿಯಮಗಳು ಸಾಮಾನ್ಯ ಕಾಲದಲ್ಲಿ ಒಪ್ಪುವುದಿಲ್ಲ, ಹಾಗಾಗಿ ಮನೆಗೆ ಇದು ಹೇಳಿ, ಆಫೀಸಿಗೆ ಅದು ಹೇಳಿ ಎನ್ನುವ ಹಾಗಿಲ್ಲ. ತಂತಿಯ ಕೆಳಗೆ ಕುಕ್ಕರುಗಾಲಿನಲ್ಲಿ ಕೂತು ಕೇಳುತ್ತಿದ್ದ ಕಾವಲಿನ ಅಜ್ಜ "ಇದು ಆಕಾಶವಾಣಿಯಾ ಸ್ವಾಮಿ?" ಎಂದರು. ಅಲ್ಲ ಎನ್ನಹೊರಟವನು ತಡೆದೆ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಶುರುಮಾಡಿದ, ಆಕಾಶವಾಣಿ ಎಂಬ ಹೆಸರು ಹೊತ್ತ ಪ್ರಸಾರ ಕೇಂದ್ರದ ಶಕ್ತಿ 30 ವ್ಯಾಟ್ ಇತ್ತು. ನಮ್ಮದು ಅದರ ಕಾಲುಭಾಗಕ್ಕೂ ಕಡಿಮೆ. ಆದರೂ ದೂರದ ಸಂಬಂಧಿಯೇ. "ಹೂಂ ಅಜ್ಜಾ, ಅದರ ಮೊಮ್ಮಗ" ಎಂದೆ.

ಆ ರಾತ್ರಿ ಚಳಿ ಜೋರಾಗಿತ್ತು, ಬೆಂಕಿ ಹೊತ್ತಲು ಒಂದೂವರೆ ಗಂಟೆ ಹಿಡಿಯಿತು, ಅನ್ನ ಅರೆಬೆಂದಿತ್ತು. ಅದರ ವಿವರಗಳಿಂದ ಯಾರಿಗೂ ಲಾಭವಿಲ್ಲ. ಬೆಳಗಿನ 6ಕ್ಕೆ ಎಚ್ಚರವಾದಾಗ, ಮೇಷ್ಟ್ರ ತಿದ್ದುಪಡಿಯನ್ನು ಪರೀಕ್ಷಿಸುವ ಹಟದಿಂದ ಸೆಟ್ಟು ಹಚ್ಚಿದೆ. ಇನ್ನೂ ಕತ್ತಲು. ಬ್ಯಾಂಡಿನ ತುಂಬ ಜನವಿದ್ದರು, ಆದರೆ ಎಲ್ಲರೂ ದೂರದವರು. ಇಂಡೊನೇಷ್ಯಾದ ಹ್ಯಾಮ್‌ಗಳು ಕಲರವದಿಂದ ಮಾತನಾಡಿಕೊಳ್ಳುತ್ತಿದ್ದರು. ಕರ್ನಾಟಕದ ಒಂದು ದನಿಯೂ ಇಲ್ಲ. ರಾತ್ರಿಯಿಡೀ ಸೂರ್ಯನಿಲ್ಲದೆ ಸೊರಗಿದ ಅಯಾನುಗೋಳವು ಓರೆಯಾಗಿ ಬಂದ ಅಲೆಗಳನ್ನು ಇನ್ನೂ ಬಾಗಿಸಬಲ್ಲದು, ನೆಟ್ಟಗೆ ಬಂದವನ್ನು ತಡೆಯಲಾರದೆ ಬಾಹ್ಯಾಕಾಶಕ್ಕೆ ಬಿಟ್ಟುಬಿಡುತ್ತದೆ. ಸಾವಿರಾರು ಕಿಲೋಮೀಟರ್ ಆಚೆಯವರನ್ನು ಕೇಳುತ್ತ, 200 ಕಿಲೋಮೀಟರಿನ ಮೇಷ್ಟ್ರನ್ನು ತಲುಪಲಾರದೆ ಕೂತ ಆ ಹೊತ್ತಿನಲ್ಲಿ "ಆಕಾಶ ತೂತಾಗಿರುತ್ತೆ" ಎಂಬುದರ ಅರ್ಥ ಮೈಗೆ ಹತ್ತಿತು. 8 ಗಂಟೆಗೆ, ಬಿಸಿಲು ಹುಲ್ಲಿನ ಮೇಲೆ ಬಿದ್ದಿದ್ದಾಗ, ಅವರು ಇದ್ದರು. 6ರ ವೇಳೆಯನ್ನೇ ಉಳಿಸಿಕೊಂಡಿದ್ದರೆ ಅಂದು ಬೆಳಿಗ್ಗೆಯೇ ಒಂದು ಸುಳ್ಳು ಗಾಬರಿ ಹುಟ್ಟಿ, ರೈಟರು ಗುಡ್ಡ ಹತ್ತಿ ಬರಬೇಕಾಗುತ್ತಿತ್ತು. ಸಂಜೆಯ ನಿಜವಾದ ಕರೆಗೆ ಅವರು ಅಷ್ಟೇ ಬೇಗ ಏಳುತ್ತಿದ್ದರೆಂದು ಹೇಳಲಾರೆ.

ಆ ದಿನ ಮಧ್ಯಾಹ್ನದ ಸಂಪರ್ಕ ಮುಗಿಸಿ ಮೂವರೂ ಹಳ್ಳಕ್ಕೆ ಇಳಿದೆವು. ಸುಮಾರು ಒಂದೂವರೆ ಕಿಲೋಮೀಟರಿನ ಇಳಿಜಾರು. ಸೆಟ್ಟನ್ನು ಬೀಡಿನಲ್ಲೇ ಬಿಟ್ಟಿದ್ದೆವು. ಕೈಯ ಸೆಟ್ಟು ನನ್ನ ಸೊಂಟದಲ್ಲಿತ್ತು, ಅದರ ಜೋಡಿಯೂ ಗೆಳೆಯನ ಸೊಂಟದಲ್ಲಿಯೇ ಇತ್ತು. ಈಗ ಬರೆಯುವಾಗ ಈ ವಾಕ್ಯದ ಮೂರ್ಖತನ ಕಣ್ಣಿಗೆ ರಾಚುತ್ತದೆ: ಎರಡು ಸೆಟ್ಟುಗಳು ಪರಸ್ಪರ ಹತ್ತಡಿ ದೂರದಲ್ಲಿ, ಎರಡರ ಕರೆಯನ್ನೂ ಕೇಳಬಲ್ಲವರು ಮೇಲೆ ಯಾರೂ ಇಲ್ಲ. ಮೂರೂವರೆಯ ಸುಮಾರಿಗೆ ಮೂರನೆಯವನು ಪಾಚಿಗಟ್ಟಿದ ಬಂಡೆಯ ಮೇಲೆ ಜಾರಿದ. ಕಾಲಿನ ಹರಡು ಹತ್ತು ನಿಮಿಷದಲ್ಲಿ ಬದನೆಕಾಯಿಯಂತೆ ಊದಿತು. ಮೂಳೆ ಮುರಿದಿದೆಯೋ ಉಳುಕಿದೆಯೋ ನಮಗೆ ಹೇಳಲು ಬರುವಂತಿರಲಿಲ್ಲ. ಆತ ಆ ಕಾಲನ್ನು ಊರಲಾರ ಎಂಬುದಷ್ಟೇ ಸ್ಪಷ್ಟ.

ನಮ್ಮಲ್ಲೊಬ್ಬ ಮೇಲೆ ಓಡಿ 5 ಗಂಟೆಯ ಸಂಪರ್ಕ ಹಿಡಿಯಬಹುದಿತ್ತು. ಆದರೆ ಬರುವಾಗ ದಾರಿಯಲ್ಲಿ ಹಸಿ ಆನೆ ಲದ್ದಿ ಕಂಡಿದ್ದೆವು. ಸಂಜೆಯ ಹೊತ್ತು ಒಬ್ಬ ಒಂಟಿಯಾಗಿ ಹತ್ತುವುದೂ ಇಬ್ಬರು, ಅದರಲ್ಲಿ ಒಬ್ಬ ನಡೆಯಲಾರದವನು, ಕೆಳಗೆ ಕೂತಿರುವುದೂ ಸರಿಯಲ್ಲವೆಂದು ತೀರ್ಮಾನಿಸಿ, ಇಬ್ಬರೂ ಹೆಗಲು ಕೊಟ್ಟು ಆತನನ್ನು ಎತ್ತಿಕೊಂಡು ಹೊರಟೆವು. ಹತ್ತು ಹೆಜ್ಜೆಗೊಂದು ನಿಲುಗಡೆ. ಕೈಯ ಸೆಟ್ಟಿನಲ್ಲಿ 145.500 ಮೆಗಾಹರ್ಟ್ಸಿನಲ್ಲಿ ನಾಲ್ಕೈದು ಬಾರಿ ಕರೆದೆ. ಉತ್ತರ ಬರಲಾರದೆಂದು ತಿಳಿದೂ ಕರೆದೆ. 5 ಗಂಟೆಯಾದಾಗ ಕೈಗಡಿಯಾರ ನೋಡಿಕೊಂಡೆ, ಐದೂವರೆಗೂ ನೋಡಿಕೊಂಡೆ. ಬೆಂಗಳೂರಿನಲ್ಲಿ ಮೇಷ್ಟ್ರು ಹೆಡ್‌ಫೋನ್ ಹಾಕಿಕೊಂಡು ನನ್ನ ಕಾಲ್‌ಸೈನ್ (ಪರವಾನಗಿಯ ಕರೆಹೆಸರು) ಕೂಗುತ್ತಿರುವುದು ಮನಸ್ಸಿಗೆ ಬರುತ್ತಿತ್ತು. ಮೇಲೆ, ಎರಡು ಸಿಲ್ವರ್ ಓಕ್‌ಗಳ ನಡುವಿನ ತಂತಿಗೆ ಆ ಕೂಗು ಬಂದು ತಾಗುತ್ತಲೂ ಇದ್ದಿರಬೇಕು.

ಆರೂಕಾಲಿನ ಮಬ್ಬಿನಲ್ಲಿ ಮೇಲಿನಿಂದ ಟಾರ್ಚಿನ ಬೆಳಕು, ಆಮೇಲೆ "ಓ ಸಾರ್" ಎಂಬ ಕೂಗು. ರೈಟರು, ಲೈನ್ ಮನೆಯ ಇಬ್ಬರು ಆಳುಗಳು, ಎರಡು ಗಳಗಳು, ಒಂದು ಜಮಖಾನ. ಬಂಗಲೆಗೆ ಬೆಂಗಳೂರಿನಿಂದ ಫೋನ್ ಬಂದ ಕೂಡಲೇ ಅವರು ಬೀಡಿಗೆ ಬಂದು ನೋಡಿ, ಸೆಟ್ಟು ಇದೆ, ಜನ ಇಲ್ಲ ಎಂದು ಕಂಡು, ಬೆಳಿಗ್ಗೆ ನಾನು ಹಳ್ಳದ ಮಾತೆತ್ತಿದ್ದುದನ್ನು ನೆನೆದು ಇಳಿದಿದ್ದರು. ಗಳಗಳ ನಡುವೆ ಜಮಖಾನ ಬಿಗಿದು ಗಾಯಾಳುವನ್ನು ಹೊತ್ತೊಯ್ದದ್ದು, ತೋಟದ ಜೀಪು, ಸಕಲೇಶಪುರದ ಎಕ್ಸ್‌ರೇ, ಮೂಳೆ ಗಟ್ಟಿಯಾಗಿದೆಯೆಂಬ ಸಮಾಧಾನ, ಎಲ್ಲವೂ ಅಲ್ಲಿಂದ ಮುಂದೆ ಸಲೀಸಾಗಿ ನಡೆಯಿತು.

ಹ್ಯಾಮ್ ರೇಡಿಯೋ ಪ್ರಾಣ ಉಳಿಸಿದ ಕತೆಗಳನ್ನು ನಾನೂ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವನೇ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ತಂಡ ಹವ್ಯಾಸದ ಪ್ರಸಾರಕ್ಕೆಂದು ಪೋರ್ಟ್ ಬ್ಲೇರಿನಲ್ಲಿ ಆಂಟೆನಾ ಹಾಕಿಕೊಂಡು ಕೂತಿದ್ದಾಗಲೇ ಸುನಾಮಿ ಬಂತು. ಫೋನುಗಳೆಲ್ಲ ಮೂಕವಾದ ಆ ದಿನಗಳಲ್ಲಿ ಅಂಡಮಾನಿನ ಸುದ್ದಿ ಒಳನಾಡಿಗೆ ತಲುಪಲು ಅವರ ಸೆಟ್ಟು ದಾರಿಯಾಯಿತು. ಆ ಕತೆಯಲ್ಲಿ ನಾನು ಯಾವಾಗಲೂ ಕಾಣುತ್ತಿದ್ದದ್ದು ಮಾತನಾಡಿದವರನ್ನು. ಕಡಲಿನ ಈಚೆಗೆ ಹಗಲುರಾತ್ರಿ ಕಿವಿಗೊಟ್ಟು ಬರೆದುಕೊಂಡವರು ಇದ್ದೇ ಇದ್ದರಲ್ಲವೇ ಎಂದು ಈಗ ಯೋಚಿಸುತ್ತೇನೆ. ನಮ್ಮ ಪ್ರವಾಸದಲ್ಲಿ ನಾವು ಮಾಡಿದ ಅಷ್ಟೂ ಪ್ರಸಾರಗಳಲ್ಲಿ ಯಾವುದೂ ಸಹಾಯ ತರಲಿಲ್ಲ. ತಂದದ್ದು, ಮಾಡದೇ ಉಳಿದ ಎರಡು. ನಾಲ್ಕು ಬಾರಿ ಸರಿಯಾಗಿ ಹೊತ್ತಿಗೆ ಕೇಳಿಸಿದ್ದರಿಂದಲೇ ಐದನೆಯ ಬಾರಿಯ, ಆರನೆಯ ಬಾರಿಯ ಮೌನಕ್ಕೆ ತೂಕ ಬಂದಿತ್ತು.

ಅದಾದ ಮೇಲೆ ಎರಡು ಸಲ ಅದೇ ತೋಟಕ್ಕೆ ಹೋಗಿ ಬಂದಿದ್ದೇವೆ. ಈಗ ಒಬ್ಬ ಪರವಾನಗಿದಾರ ಯಾವಾಗಲೂ ಬೀಡಿನಲ್ಲಿ ಉಳಿಯುತ್ತಾನೆ, ಹಳ್ಳದ ಕಡೆ ಕೈಯ ಸೆಟ್ಟು ಎಲ್ಲಿಯವರೆಗೆ ಕೇಳಿಸುತ್ತದೆಂದು ನಡೆದು ನೋಡಿ ಗುರುತು ಹಾಕಿಕೊಂಡಿದ್ದೇವೆ. ದಿಣ್ಣೆಯ ಎರಡನೆಯ ತಿರುವಿನವರೆಗೆ ಮಾತ್ರ. ಕಾಲು ಉಳುಕಿಸಿಕೊಂಡವನು ಈಗ ಪರೀಕ್ಷೆಗೆ ಓದುತ್ತಿದ್ದಾನೆ, ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಅವನಿಗೆ ಹತ್ತುತ್ತಿಲ್ಲ. ಬೇಲಿ ಬಡಕಲಾದಾಗ ರೈಟರು ತಮ್ಮದೇ ಹಳೆಯ ಟ್ರಾನ್ಸಿಸ್ಟರ್ ಹಿಡಿದು ಗುಂಟ ನಡೆಯುತ್ತಾರಂತೆ.

ಊರಿಗೆ ಮರಳಿದ ವಾರ ಮೇಷ್ಟ್ರ ಮನೆಗೆ ಹೋದಾಗ ಅವರು ಕಾಫಿಯ ಲೋಟದ ಜೊತೆಗೆ ಆ ಹಾಳೆಯನ್ನೂ ಹಿಂದಕ್ಕೆ ಕೊಟ್ಟರು. ನನ್ನ ಕೈಬರಹದ ಕೆಳಗೆ, ತರಗತಿಯ ಹಾಜರಿ ಪುಸ್ತಕದಲ್ಲಿ ಬರೆಯುವಂಥ ಸಣ್ಣ ಪೆನ್ಸಿಲ್ ಅಕ್ಷರಗಳಲ್ಲಿ ಎರಡು ದಿನದ ಲೆಕ್ಕವಿತ್ತು. ಮೊದಲನೆಯ ದಿನದ್ದು ಎರಡು ಸಾಲು, ಎರಡನೆಯ ದಿನದ್ದು ಐದು. ಕೊನೆಯ ಮೂರು ಸಾಲುಗಳು ಹೀಗಿವೆ: 5.00, ಇಲ್ಲ. 5.30, ಇಲ್ಲ. 5.34, ಫೋನ್.